ಹೋಟೆಲಿನವರ ಮನೆಯಲ್ಲೊಂದು ಉಪವಾಸ

"ಒಬೀಸ್. ನೆಕ್ಸ್ಟ್."

ತೂಕದ ಮಷೀನಿನ ಪಕ್ಕ ನಿಂತಿದ್ದ ಹುಡುಗಿ ಹೇಳಿದ್ದು ಇಷ್ಟೇ. ಆದರೆ ಎಂಥ ಗಂಟಲು ಅಂತೀರಿ! ಪುಣೆ ಪಕ್ಕದ ನಿಗಡಿಯ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ಸಭಾಂಗಣದ ಕೊನೆಯ ಸಾಲಿನಲ್ಲಿ ಕೂತು ಚಹಾ ಕುಡಿಯುತ್ತಿದ್ದ ಗಂಡಸರೂ ತಿರುಗಿ ನೋಡಿದರು. ಮಷೀನಿನಿಂದ ಇಳಿದು ಚಪ್ಪಲಿ ಹುಡುಕುತ್ತಿದ್ದವಳು ನಮ್ಮ ಶೈಲಾ.

ಎರಡು ವರ್ಷದ ಹಿಂದಿನ ಮಾತು. ವಾಕಡದಲ್ಲಿ ಹೊಸದಾಗಿ ತೆರೆದ ಒಂದು ಹೆಲ್ತ್ ಕ್ಲಬ್ಬಿನವರು ಭಾನುವಾರ ಬೆಳಿಗ್ಗೆ ಬಂದು ಫ್ರೀ ಬಿಎಂಐ ಕ್ಯಾಂಪ್ ಹಾಕಿದ್ದರು. ಫ್ರೀ ಅಂದ ಮೇಲೆ ಕೇಳಬೇಕೆ? ಲೈನು ಲಿಫ್ಟಿನವರೆಗೆ. ಎತ್ತರ ಅಳೆದರು, ತೂಕ ನೋಡಿದರು, ಕ್ಯಾಲ್ಕುಲೇಟರ್ ಒತ್ತಿದರು, ಪ್ರತಿಯೊಬ್ಬರಿಗೂ ಒಂದೊಂದು ಬಿರುದು ಕೊಟ್ಟು ಕಳಿಸಿದರು. ನನಗೆ ಸಿಕ್ಕಿದ್ದು 'ಓವರ್‌ವೇಟ್'. (ನಮ್ಮ ಯಜಮಾನರಿಗೆ 'ನಾರ್ಮಲ್'. ಆವತ್ತು ಅವರು ಮನೆಯಲ್ಲಿ ಹೇಗೆ ಓಡಾಡಿದರು ಎಂದು ಬರೆಯಹೊರಟರೆ ಅಂಕಣ ಅಲ್ಲಿಗೇ ಮುಗಿಯುತ್ತದೆ.)

ನಾನು ನಕ್ಕು ಮನೆಗೆ ಬಂದೆ. ಶೈಲಾ ನಗಲಿಲ್ಲ.

ಈ ವಾರ ನಾನು ವಿಪರೀತ ಖುಷಿಯಲ್ಲಿದ್ದೇನೆ. ಕೈ ನಿಲ್ಲುತ್ತಿಲ್ಲ. ಖುಷಿಗೆ ಕಾರಣ ಇದೇ ಶೈಲಾ. "ಬರೀರಿ ಅಕ್ಕಾ, ಹೆಸರು ಹಾಕಿಯೇ ಬರೀರಿ. ನನಗೆ ನಾಚಿಕೆ ಎಂತದು?" ಎಂದು ಅವಳೇ ಅಪ್ಪಣೆ ಕೊಟ್ಟಿದ್ದಾಳೆ. ಹಾಗಾಗಿ ನಡೆದದ್ದನ್ನು ನಡೆದ ಹಾಗೆಯೇ ಹೇಳುತ್ತೇನೆ.

ಶೈಲಾ ಉಡುಪಿ ಕಡೆಯವಳು. ವಯಸ್ಸು ಮೂವತ್ತೈದರ ಆಸುಪಾಸು, ಎರಡು ಮಕ್ಕಳು. ಗಂಡ ಜಗನ್ನಾಥ ಆಕುರ್ಡಿಯಲ್ಲಿ ಹೋಟೆಲ್ ನಡೆಸುತ್ತಾರೆ. ಕ್ಯಾಶ್ ಕೌಂಟರಿನಲ್ಲಿ ಜಗನ್ನಾಥ, ಅಡುಗೆಮನೆಯಲ್ಲಿ ಶೈಲಾ. ಬೆಳಗಿನ ಸಾಂಬಾರು ಅವಳ ಕೈಯದೇ ಆಗಬೇಕು. ಇಬ್ಬರು ಹಿಡಿದು ಎತ್ತುವ ಹಿಟ್ಟಿನ ಪಾತ್ರೆಯನ್ನು ಒಬ್ಬಳೇ ಎತ್ತಿ ದೋಸೆಕಲ್ಲಿನ ಪಕ್ಕ ಇಡುತ್ತಾಳೆ. ಅಗಲ ಭುಜ, ದೊಡ್ಡ ಕೈ, ಅದಕ್ಕಿಂತ ದೊಡ್ಡ ನಗು.

ಮತ್ತೆ ಅವಳು ನಮ್ಮ ಸೊಸೈಟಿಯ ಮಹಿಳಾ ಥ್ರೋಬಾಲ್ ಟೀಮಿನ ಪ್ರಾಣ. ಥ್ರೋಬಾಲ್ ಗೊತ್ತಲ್ಲ? ನೆಟ್ಟಿನ ಆಚೆಯಿಂದ ಬಂದ ಬಾಲನ್ನು ಎರಡೂ ಕೈಯಲ್ಲಿ ಹಿಡಿಯಬೇಕು, ಹಿಡಿದ ಕೂಡಲೇ ಒಂದೇ ಕೈಯಲ್ಲಿ ಆಚೆಗೆ ಎಸೆಯಬೇಕು. ಶೈಲಾ ಎಸೆದರೆ ಎದುರಿನವರು ಹಿಡಿಯುವ ಬದಲು ಪಕ್ಕಕ್ಕೆ ಸರಿಯುತ್ತಿದ್ದರು. (ನಾನು ಟೀಮ್ ಮ್ಯಾನೇಜರ್. ಅಂದರೆ ನೀರಿನ ಬಾಟಲಿ ಹೊರುವವಳು, ಗಲಾಟೆ ಮಾಡುವವಳು.)

ಆ ಭುಜ, ಆ ತೋಳು, ಆ ಎಸೆತ. ಇವನ್ನೆಲ್ಲ ಕ್ಯಾಲ್ಕುಲೇಟರ್ ಹೇಗೆ ಕಾಣಬೇಕು ಹೇಳಿ? ಬಿಎಂಐ ಅಂದರೆ ತೂಕ ಮತ್ತು ಎತ್ತರ ಎರಡನ್ನೇ ಕೇಳಿ ಹಾಕುವ ಲೆಕ್ಕ. ಮೈಯಲ್ಲಿ ಸ್ನಾಯು ಎಷ್ಟು, ಕೊಬ್ಬು ಎಷ್ಟು ಎಂಬುದು ಅದಕ್ಕೆ ತಿಳಿಯದು. ನೀವು ನಿನ್ನೆ ಊಟ ಮಾಡಿದ್ದೀರೋ ಇಲ್ಲವೋ ಎಂಬುದೂ ತಿಳಿಯದು. ಡಾಕ್ಟರಿಗೆ ಅದೊಂದು ಸುಳಿವು ಇದ್ದೀತು. ನಮಗೆ ಮಾತ್ರ ಅದು ಪರೀಕ್ಷೆಯ ರಿಸಲ್ಟು. ಪಾಸು, ಇಲ್ಲವೇ ಫೇಲು.

ಶೈಲಾ ಫೇಲಾಗಿದ್ದಳು. ನಾಲ್ಕು ಜನರ ಎದುರಿಗೆ.

ಮರುವಾರವೇ ಅವಳ ಮನೆಗೆ ಒಂದು ತೂಕದ ಮಷೀನು ಬಂತು. ಬಾತ್‌ರೂಮಿನ ಬಾಗಿಲ ಪಕ್ಕ ಅದಕ್ಕೆ ಜಾಗ ಸಿಕ್ಕಿತು. ಅವಳು ಡಯಟ್ ಶುರು ಮಾಡಿದಳು. ಮೊದಲು ಒಂದು ಬಿಟ್ಟಳು, ಆಮೇಲೆ ಇನ್ನೊಂದು, ಆಮೇಲೆ ಬಿಡಲು ಏನೂ ಉಳಿಯದ ಹಾಗಾಯಿತು. ತೂಕ ಇಳಿಯಿತು. ಇಳಿಯುತ್ತಲೇ ಹೋಯಿತು.

ನಾವು ಏನು ಮಾಡಿದೆವು? ಚಪ್ಪಾಳೆ ತಟ್ಟಿದೆವು.

"ಅಗ ಶೈಲಾ, ಕಿತಿ ಬಾರೀಕ ಝಾಲೀಸ್" ಎಂದು ಮರಾಠಿ ಗೆಳತಿಯರು ಲಿಫ್ಟಿನಲ್ಲಿ ಅವಳನ್ನು ತಡೆದು ಹೊಗಳಿದರು. ಎಷ್ಟು ತೆಳ್ಳಗಾದೆ ಅಂತ. ನಮ್ಮ ಟೀಮಿನ ಕ್ಯಾಪ್ಟನ್ ಸುನಂದಾ ವೈನಿ, ವಿಜಾಪುರದವರು, ನಮಗೆಲ್ಲ ಅತ್ತಿಗೆಯಿದ್ದಂತೆ, ಎಲ್ಲರೆದುರು ಅವಳ ಬೆನ್ನು ತಟ್ಟಿ, "ನೋಡ್ರಿ, ಛಲ ಅಂದ್ರ ಹಿಂಗ ಇರಬೇಕು. ನಮಗೂ ಒಂದೀಟು ಟಿಪ್ಸ್ ಕೊಡವಾ" ಎಂದರು. ಹೆಲ್ತ್ ಕ್ಲಬ್ಬಿನವರು ಫೋಟೋ ಹಾಕಿಕೊಳ್ಳುತ್ತೇವೆ ಎಂದು ಕೇಳಿಕೊಂಡು ಬಂದರು. ಶೈಲಾ ಸೊಸೈಟಿಯ ಸ್ಟಾರ್ ಆಗಿಬಿಟ್ಟಳು.

ಸ್ಟಾರ್‌ಗೆ ಏಪ್ರಿಲ್ ತಿಂಗಳ ಮಧ್ಯಾಹ್ನ ಚಳಿ ಆಗುತ್ತಿತ್ತು. ಪುಣೆಯ ಏಪ್ರಿಲ್ ನಿಮಗೆ ಗೊತ್ತು. ಫ್ಯಾನಿನ ಗಾಳಿಯೂ ಬಿಸಿ. ಅವಳು ಪೂರ್ತಿ ತೋಳಿನ ಸ್ವೆಟರ್ ಹಾಕಿಕೊಂಡು ಪ್ರಾಕ್ಟೀಸಿಗೆ ಬರುತ್ತಿದ್ದಳು. ಮುಷ್ಟಿಯಲ್ಲಿ ಹಿಡಿಯಲಾಗದಂತಿದ್ದ ಜಡೆ ಸಣ್ಣದಾಯಿತು. ನಗು ಅಪರೂಪವಾಯಿತು. ಪ್ರಾಕ್ಟೀಸ್ ಮುಗಿದ ಮೇಲೆ ಎಲ್ಲರೂ ಅವಳದೇ ಹೋಟೆಲಿಗೆ ಹೋಗಿ ಕೂರುತ್ತಿದ್ದೆವು. ನಮಗೆಲ್ಲ ಅವಳೇ ಬಡಿಸುತ್ತಿದ್ದಳು, ಬೇಡವೆಂದರೂ ಇನ್ನೊಂದು ದೋಸೆ ಹಾಕುತ್ತಿದ್ದಳು. ಕರೆದರೆ, "ನಂದು ಆಗಲೇ ಆಯ್ತು ಅಕ್ಕಾ" ಎನ್ನುತ್ತಿದ್ದಳು. ಪ್ರತಿ ಸಲ ಅದೇ ಮಾತು.

ಮೊದಲು ಗಮನಿಸಿದವರು ಯಾರು ಗೊತ್ತೆ? ಗಿರಾಕಿಗಳು. ಶೈಲಾಳನ್ನಲ್ಲ, ಸಾಂಬಾರನ್ನು. ಒಂದು ದಿನ ಉಪ್ಪು ಜಾಸ್ತಿ, ಒಂದು ದಿನ ಇಲ್ಲವೇ ಇಲ್ಲ. ವರ್ಷಗಟ್ಟಲೆ ಬರುತ್ತಿದ್ದವರು ಮುಖ ಸಿಂಡರಿಸಿದರು. ಮೊದಲೆಲ್ಲ ಶೈಲಾ ಸೌಟಿನಿಂದ ಅಂಗೈಗೆ ಎರಡು ಹನಿ ಬಿಟ್ಟುಕೊಂಡು ನೆಕ್ಕಿ ನೋಡುತ್ತಿದ್ದಳು. ಆ ಎರಡು ಹನಿಯೂ ಅವಳಿಗೆ ಈಗ ಹೆದರಿಕೆ. ರುಚಿ ನೋಡದೆ ಅಂದಾಜಿನ ಮೇಲೆ ಉಪ್ಪು ಹಾಕುತ್ತಿದ್ದಳು.

ಸಾಂಬಾರಿನ ಹದ ತಪ್ಪಿದ್ದು ಆಕುರ್ಡಿಗೆಲ್ಲ ಗೊತ್ತಾಯಿತು. ಅದನ್ನು ಮಾಡುವವಳ ಹದ ತಪ್ಪಿದ್ದು?

ಜಗನ್ನಾಥ ಅವಳನ್ನು ಒಬ್ಬ ಡಾಕ್ಟರ ಬಳಿ ಕರೆದುಕೊಂಡು ಹೋದರು. ಸುಸ್ತು, ತಲೆಸುತ್ತು ಎಂದು ಹೇಳಿದರು. ಡಾಕ್ಟರು ತೂಕ ನೋಡಿ ಬಹಳ ಸಂತೋಷಪಟ್ಟರು. "ಈಗ ನೀವು ನಾರ್ಮಲ್ ರೇಂಜಿನಲ್ಲಿದ್ದೀರಿ. ಹೀಗೇ ಮೇಂಟೇನ್ ಮಾಡಿ" ಎಂದರು. ನಾಡಿ ನಿಧಾನ ಇತ್ತು. ಥ್ರೋಬಾಲ್ ಆಡುತ್ತೇನೆ ಎಂದು ಅವಳು ಹೇಳಿದ್ದಳಲ್ಲ, "ಆಟಗಾರರ ಪಲ್ಸ್ ಹೀಗೆಯೇ ಇರುತ್ತದೆ, ಫಿಟ್ ಆಗಿದ್ದೀರಿ" ಎಂದು ಟಾನಿಕ್ ಬರೆದುಕೊಟ್ಟರು.

ಎಷ್ಟು ಸಲೀಸು ನೋಡಿ. ತೂಕ ನಾರ್ಮಲ್, ನಾಡಿ ಆಟಗಾರ್ತಿಯದು, ಅಂದ ಮೇಲೆ ಕಾಯಿಲೆ ಎಲ್ಲಿಂದ ಬರಬೇಕು?

ಅದಾದ ಕೆಲವೇ ದಿನಕ್ಕೆ ಅವಳು ಪ್ರಾಕ್ಟೀಸಿನಲ್ಲಿ ಬಿದ್ದಳು. ನೆಟ್ಟಿನ ಹತ್ತಿರ ಬಾಲ್ ಹಿಡಿಯಲು ಕೈ ಎತ್ತಿದವಳು ಹಾಗೆಯೇ ಕುಸಿದಳು. ಸುನಂದಾ ವೈನಿ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡರು. ನಾನು ಕೈ ಹಿಡಿದೆ. ಮಂಜುಗಡ್ಡೆ. ರಿಕ್ಷಾದಲ್ಲಿ ಹಾಕಿಕೊಂಡು ಹತ್ತಿರದ ಆಸ್ಪತ್ರೆಗೆ ಓಡಿದೆವು. ದಾರಿಯುದ್ದಕ್ಕೂ ನಾನು ಬಡಬಡಿಸುತ್ತಲೇ ಇದ್ದೆ. "ಕಣ್ಣ ತಗಿ ಶೈಲಾ, ನನ್ನ ಕಡಿ ನೋಡು. ಏನೂ ಆಗಂಗಿಲ್ಲ, ನಾನಿದ್ದೇನಿ" ಎಂದು.

ಆಸ್ಪತ್ರೆಯಲ್ಲಿ ನೋಡಿದವರು ಒಬ್ಬ ಲೇಡಿ ಡಾಕ್ಟರ್, ಮರಾಠಿಯವರು. ಮಲಗಿಸಿ ಬಿಪಿ ನೋಡಿದರು. ಎಬ್ಬಿಸಿ ನಿಲ್ಲಿಸಿ ಇನ್ನೊಮ್ಮೆ ನೋಡಿದರು. ನಿಂತ ಕೂಡಲೇ ಬಿಪಿ ಸರ್ರನೆ ಇಳಿದಿತ್ತು. ಇಸಿಜಿ ತೆಗೆಸಿದರು. ಮುಟ್ಟು ಸರಿಯಾಗಿ ಆಗುತ್ತಿದೆಯೇ ಎಂದರು. ನಿಂತು ಹಲವು ತಿಂಗಳಾಗಿತ್ತು. ಆಮೇಲೆ ಕುರ್ಚಿ ಎಳೆದುಕೊಂಡು ಶೈಲಾಳ ಮುಖದ ಮಟ್ಟಕ್ಕೆ ಕೂತು ಒಂದು ಪ್ರಶ್ನೆ ಕೇಳಿದರು. ಅವರು ಮರಾಠಿಯಲ್ಲಿ ಕೇಳಿದ್ದನ್ನು ಕನ್ನಡದಲ್ಲಿ ಹೇಳುತ್ತೇನೆ.

"ಹೆದರಿಕೆ ಇಲ್ಲದೆ ಹೊಟ್ಟೆ ತುಂಬ ಉಂಡದ್ದು ಯಾವಾಗ, ನೆನಪಿದೆಯೇ?"

ಶೈಲಾ ಯೋಚಿಸಿದಳು. ಆಮೇಲೆ ದುಪಟ್ಟಾ ಬಾಯಿಗೆ ಒತ್ತಿಕೊಂಡು ಅತ್ತಳು. ಅಂಥ ಅಳುವನ್ನು ನಾನು ಅವಳಿಂದ ಕೇಳಿದ್ದು ಅದೇ ಮೊದಲು.

"ಇದು ಈಟಿಂಗ್ ಡಿಸಾರ್ಡರ್. ಅಡ್ಮಿಟ್ ಮಾಡಬೇಕು" ಎಂದರು ಡಾಕ್ಟರ್.

ಹೋಟೆಲಿನಿಂದ ಓಡಿ ಬಂದಿದ್ದ ಜಗನ್ನಾಥರಿಗೆ ಇದು ತಲೆಗೆ ಹೋಗಲೇ ಇಲ್ಲ. "ಡಾಕ್ಟ್ರೇ, ನಾವು ಹೋಟೆಲಿನವರು. ಊರಿಗೆಲ್ಲ ಊಟ ಹಾಕುವವರು. ನಮ್ಮ ಮನೆಯಲ್ಲಿ ತಿನ್ನಲಿಕ್ಕೆ ಇಲ್ಲದ್ದು ಎಂತ ಉಂಟು?"

"ತಿನ್ನಲು ಇಲ್ಲ ಎಂದಲ್ಲ. ಅವರಿಗೆ ತಿನ್ನಲು ಆಗುತ್ತಿಲ್ಲ."

"ಆದರೆ ಅವಳು ಕಡ್ಡಿ ಹಾಗೆ ಇಲ್ಲವಲ್ಲ. ತೂಕ ನಾರ್ಮಲ್ ಉಂಟು ಅಂತ ಮೊನ್ನೆಯೇ ಹೇಳಿದ್ದಾರೆ."

ಡಾಕ್ಟರ್ ಸಿಟ್ಟಾಗಲಿಲ್ಲ. ಮೈ ಕಡ್ಡಿಯಾದರೆ ಮಾತ್ರ ಈ ಕಾಯಿಲೆ ಎಂದು ಎಲ್ಲರೂ ತಿಳಿದಿದ್ದಾರೆ, ದಪ್ಪ ಮೈಯವರಿಗೂ ಬರುತ್ತದೆ, ಬಂದಾಗ ಅಪಾಯವೇನೂ ಕಡಿಮೆಯಲ್ಲ ಎಂದು ನಿಧಾನವಾಗಿ ವಿವರಿಸಿದರು. ಮಷೀನು ಈಗ ಏನು ತೋರಿಸುತ್ತದೆ ಎಂಬುದಷ್ಟೇ ಮುಖ್ಯವಲ್ಲ. ಎಲ್ಲಿಂದ ಇಳಿದರು, ಎಷ್ಟು ಬೇಗ ಇಳಿದರು, ಹೇಗೆ ಇಳಿದರು? ಮೈ ಉಪವಾಸಕ್ಕೆ ಬಿದ್ದಾಗ ಹೃದಯವೂ ನಿಧಾನವಾಗುತ್ತದೆ. ಆ ನಿಧಾನ ಫಿಟ್‌ನೆಸ್ ಅಲ್ಲ.

ಜಗನ್ನಾಥ ಅಡ್ಮಿಷನ್ ಕೌಂಟರಿಗೆ ಹೋಗಿ ಫಾರಂ ತುಂಬಿದರು.

ಸೊಸೈಟಿಗೆ ಸುದ್ದಿ ಮುಟ್ಟಿತು. ಆಹಾ, ಎಂಥೆಂಥ ಪಂಡಿತರು ಹೊರಬಂದರು! "ಅದೆಲ್ಲಾ ಮುಂಬೈದಾಗಿನ ಮಾಡೆಲ್ ಹುಡುಗ್ಯಾರಿಗೆ ಬರೋ ರೋಗ ಅದ ರೀ. ಎರಡು ಮಕ್ಕಳ ತಾಯಿಗೆ ಎಲ್ಲಿಂದ ಬರ್ತದ?" ಎಂದರು ಸುನಂದಾ ವೈನಿ. ಸೊಕ್ಕು ಎಂದರು ಒಬ್ಬರು. ಶೋಕಿ ಎಂದರು ಇನ್ನೊಬ್ಬರು. ಕೂಡಿಸಿ ಒಂದು ಮಸಾಲೆ ದೋಸೆ ತಿನ್ನಿಸಿದರೆ ಮುಗಿಯಿತು ಎಂದವರಿಗಂತೂ ಲೆಕ್ಕವಿಲ್ಲ. ಜ್ವರ ಬಂದವರಿಗೆ ಬಿಸಿಯಾಗಬೇಡ ಎಂದು ಹೇಳಿದರೆ ಇಳಿಯುತ್ತದೆಯೇ?

ಜಗನ್ನಾಥರೂ ಮೊದಲು ಅದನ್ನೇ ಮಾಡಿದರು, ಪಾಪ. ಆಸ್ಪತ್ರೆಯಿಂದ ಮನೆಗೆ ಬಂದವಳ ಮುಂದೆ ತಟ್ಟೆ ಇಟ್ಟು, ಎದುರಿಗೆ ಕಾವಲುಗಾರನ ಹಾಗೆ ನಿಂತರು. "ಇನ್ನೊಂದು ತುತ್ತು. ಇನ್ನೊಂದು." ಅವಳು ಹೆದರಿದಳು, ಇವರು ರೇಗಿದರು, ತಟ್ಟೆ ಹಾಗೆಯೇ ಒಳಗೆ ಹೋಯಿತು. ಮನೋವೈದ್ಯರನ್ನು ಕಾಣಬೇಕು ಎಂದಾಗ, "ಅವಳಿಗೆ ಹುಚ್ಚಾ?" ಎಂದು ಕೇಳಿದರು. ಆದರೂ ಹೋದರು. ಇದನ್ನು ನಾನು ಅವರ ಬಗ್ಗೆ ಗೌರವದಿಂದ ಬರೆಯುತ್ತಿದ್ದೇನೆ. ಹೋಟೆಲಿನ ರಶ್ ಟೈಮಿನಲ್ಲಿ ಕೌಂಟರ್ ಬಿಟ್ಟು ಪ್ರತಿ ಸಲವೂ ಅವಳ ಜೊತೆ ಹೋಗಿ ಕೂತರು, ಕಿವಿಗೊಟ್ಟು ಕೇಳಿದರು, ಕಲಿತರು.

ಕಲಿತದ್ದು ಏನು? ತಟ್ಟೆಯ ಬಗ್ಗೆ ಮಾತಾಡಬಾರದು. ತೂಕದ ಬಗ್ಗೆ ಮಾತಾಡಬಾರದು. ಹೊಗಳಲೂ ಬಾರದು, ಬೈಯಲೂ ಬಾರದು. ಹೊತ್ತಿಗೆ ಸರಿಯಾಗಿ ಅವಳ ಜೊತೆ ಕೂತು ತಾನೂ ಉಣ್ಣಬೇಕು, ಬೇರೆ ಏನಾದರೂ ಹರಟಬೇಕು. ಇಷ್ಟು ವರ್ಷ ನಿಂತುಕೊಂಡೇ ಉಂಡ ಹೋಟೆಲ್ ಮನುಷ್ಯ ಮೊದಲ ಬಾರಿಗೆ ಮೇಜಿನ ಮುಂದೆ ಕೂತು ಊಟ ಮಾಡಿದರು.

ತೂಕದ ಮಷೀನು? ಅದನ್ನು ಅವರೇ ಬಗಲಲ್ಲಿ ಇಟ್ಟುಕೊಂಡು ಹೋಟೆಲಿನ ಗೋಡೌನಿಗೆ ಒಯ್ದರು. ಈಗ ಅದರ ಮೇಲೆ ಈರುಳ್ಳಿ ಹತ್ತುತ್ತದೆ. (ಈರುಳ್ಳಿಗೆ ಇದುವರೆಗೆ ಯಾವ ಬೇಜಾರೂ ಆಗಿಲ್ಲವಂತೆ.) ಆಸ್ಪತ್ರೆಯಲ್ಲೂ ನರ್ಸ್ ಅವಳನ್ನು ಮಷೀನಿಗೆ ಬೆನ್ನು ಮಾಡಿ ನಿಲ್ಲಿಸುತ್ತಿದ್ದರು. ತೂಕ ಡಾಕ್ಟರಿಗೆ ಬೇಕು, ಶೈಲಾಗೆ ಬೇಡ. ಎಂಥ ಒಳ್ಳೆಯ ಏರ್ಪಾಡು ನೋಡಿ! ನಾನೂ ಒಮ್ಮೆ ಹಾಗೆ ನಿಂತು ನೋಡಿದೆ. ಎದುರಿಗೆ ಕಿಟಕಿ, ಹೊರಗೆ ಬೇವಿನ ಮರ. ಹಾಯೆನಿಸಿತು.

ಹಾಗೆಂದು ದಾರಿ ನೇರವಾಗಿರಲಿಲ್ಲ. ಚೇತರಿಸಿಕೊಳ್ಳುತ್ತಿದ್ದವಳು ಒಂದು ನಾಮಕರಣಕ್ಕೆ ಹೋದಳು. ಯಾರೋ ಕೆನ್ನೆ ಹಿಂಡಿ, "ಅಯ್ಯ, ಮತ್ತ ಮೊದಲಿನಂಗ ಆದ್ಯಲ್ಲವಾ? ಎಷ್ಟು ಚಂದ ಇಳಿಸಿದ್ದಿ" ಎಂದರು. ಪ್ರೀತಿಯಿಂದಲೇ ಅಂದಿರಬೇಕು. ಶೈಲಾ ಮನೆಗೆ ಬಂದು ಕೋಣೆ ಸೇರಿದಳು. ಎಷ್ಟೋ ದಿನ ನಮಗೆ ಯಾರಿಗೂ ಬಾಗಿಲು ತೆರೆಯಲಿಲ್ಲ. ತಿಂಗಳುಗಟ್ಟಲೆ ಏರಿದ ಮೆಟ್ಟಿಲುಗಳು ಒಂದೇ ಮಾತಿಗೆ ಜಾರಿದವು.

ಆಗ, ಮಾಡೆಲ್ ಹುಡುಗಿಯರ ರೋಗ ಎಂದಿದ್ದ ಸುನಂದಾ ವೈನಿಯೇ ಜಗನ್ನಾಥರಿಂದ ಎಲ್ಲ ಕೇಳಿ ತಿಳಿದುಕೊಂಡು ಒಂದು ಕೆಲಸ ಮಾಡಿದರು. ಮುಚ್ಚಿದ ಬಾಗಿಲ ಹೊರಗೆ ನೆಲದ ಮೇಲೆ ಕೂತು ಮಾತಾಡತೊಡಗಿದರು. ಬೇರೆ ಬೇರೆ ವಿಷಯ. ಟೀಮಿನಲ್ಲಿ ಯಾರ ಮೊಣಕಾಲು ಉಳುಕಿತು, ಹೊಸ ನೆಟ್ಟು ಎಷ್ಟು ಕಳಪೆ, ಹೊಸ ಹುಡುಗಿ ಬಾಲ್ ಹೇಗೆ ಬಿಡುತ್ತಾಳೆ. ಊಟದ ಸುದ್ದಿಯಿಲ್ಲ, ಮೈಯ ಸುದ್ದಿಯಿಲ್ಲ. ದಿನವೂ ಹೋಗಿ ಕೂತರು. ಕೊನೆಗೆ ಒಂದು ದಿನ ಒಳಗಿಂದ ಧ್ವನಿ ಬಂತು.

"ವೈನಿ, ಆ ಹುಡುಗಿಗೆ ಮೊಣಕೈ ಮಡಚಿ ಹಿಡೀಲಿಕ್ಕೆ ಹೇಳಿ. ಕೈ ಚಾಚಿದರೆ ಬಾಲ್ ಬೀಳ್ತದೆ."

"ನೀನ ಬಂದು ಹೇಳವಾ. ನಾ ಹೇಳಿದ್ರ ಆಕಿ ಕೇಳಂಗಿಲ್ಲ" ಎಂದರು ವೈನಿ.

ಬಾಗಿಲು ತೆರೆಯಿತು.

ಮೊದಲು ಅವಳು ಬೆಂಚಿನ ಮೇಲೆ ಕೂತು ಹೇಳಿಕೊಡುತ್ತಿದ್ದಳು. ಆಮೇಲೆ ಡಾಕ್ಟರು ಸ್ವಲ್ಪ ಸ್ವಲ್ಪ ಆಡಬಹುದು ಎಂದರು. ಒಂದು ಬೆಳಿಗ್ಗೆ ನಾನು ಹೋಟೆಲಿನ ಅಡುಗೆಮನೆಗೆ ಇಣುಕಿದಾಗ ಅವಳು ಅಂಗೈಗೆ ಎರಡು ಹನಿ ಸಾಂಬಾರು ಬಿಟ್ಟುಕೊಂಡು ನೆಕ್ಕಿ, ಕಣ್ಣು ಮುಚ್ಚಿ, "ಹುಳಿ ಕಮ್ಮಿ ಆಯ್ತು" ಎಂದಳು. ಪಕ್ಕದಲ್ಲಿದ್ದ ಜಗನ್ನಾಥ ಏನೂ ಆಗದವರಂತೆ ಕೊತ್ತಂಬರಿ ಹೆಚ್ಚುತ್ತಿದ್ದರು. ಅವರ ಕಣ್ಣಲ್ಲಿ ನೀರಿತ್ತು. (ಈರುಳ್ಳಿ ಎಂದು ಅವರು ಹೇಳಿದರು. ಹೆಚ್ಚುತ್ತಿದ್ದದ್ದು ಕೊತ್ತಂಬರಿ.)

ಈಗ ಕಳೆದ ಭಾನುವಾರಕ್ಕೆ ಬನ್ನಿ.

ಸೊಸೈಟಿಗಳ ನಡುವಿನ ಥ್ರೋಬಾಲ್ ಟೂರ್ನಮೆಂಟ್. ಫೈನಲ್. ಎದುರಿಗೆ ಹಿಂಜವಾಡಿಯ ಕಂಪನಿಗಳಲ್ಲಿ ಕೆಲಸ ಮಾಡುವ ಹುಡುಗಿಯರೇ ತುಂಬಿದ ವಾಕಡದ ಟೀಮು. ಎಲ್ಲರಿಗೂ ಒಂದೇ ಬಣ್ಣದ ಟ್ರ್ಯಾಕ್ ಪ್ಯಾಂಟು, ಬೆನ್ನ ಮೇಲೆ ನಂಬರು. ನಮ್ಮವರು ಪಂಜಾಬಿ ಡ್ರೆಸ್ಸಿನ ದುಪಟ್ಟಾ ಸೊಂಟಕ್ಕೆ ಕಟ್ಟಿಕೊಂಡವರು. ಮೊದಲ ಗೇಮ್ ಅವರದು. ಎರಡನೆಯದು ನಮ್ಮದು. ಮೂರನೆಯದರಲ್ಲಿ ಸಮ, ಮತ್ತೆ ಸಮ, ಮತ್ತೂ ಸಮ. ನನ್ನ ಗಂಟಲು ಹೋಗಿತ್ತು. ಕೈಯಲ್ಲಿದ್ದ ನೀರಿನ ಬಾಟಲಿಯನ್ನು ಹಿಂಡಿ ಹಿಂಡಿ ನನ್ನ ಸೀರೆಯೇ ಒದ್ದೆ.

ಹೇಗೋ ನಮಗೆ ಒಂದು ಪಾಯಿಂಟ್ ಮೇಲುಗೈ ಸಿಕ್ಕಿತು. ಇನ್ನೊಂದು ಬಂದರೆ ಕಪ್ಪು ನಮ್ಮದು. ಸರ್ವ್ ಶೈಲಾಳದು.

ಅವಳು ಗೆರೆಯ ಹಿಂದೆ ಹೋಗಿ ನಿಂತಳು. ಇಡೀ ಮೈದಾನ ಗಪ್‌ಚುಪ್. ಆ ಮೌನದಲ್ಲಿ ಹಿಂದಿನಿಂದ ಯಾರದೋ ಧ್ವನಿ ಸ್ಪಷ್ಟವಾಗಿ ಕೇಳಿಸಿತು. "ತೀ ಜಾಡೀ ಬಘ." ಆ ದಪ್ಪನೆಯವಳನ್ನು ನೋಡು. ಕಿಸಕ್ಕನೆ ಎರಡು ನಗು.

ಶೈಲಾ ಕೇಳಿಸಿಕೊಂಡಿದ್ದಳು. ಅವಳ ಬೆನ್ನು ಸೆಟೆದದ್ದು ನನಗೆ ಬೆಂಚಿನಿಂದಲೇ ಕಂಡಿತು. ನೆಟ್ಟಿನ ಹತ್ತಿರದಿಂದ ಸುನಂದಾ ವೈನಿ ತಿರುಗಿ, "ಶೈಲಾ, ನನ್ನ ಕಡೆ ನೋಡು. ಬಾಲ್ ಎಲ್ಲಿಗೆ ಹಾಕಾಕಿ, ಅದನ್ನಷ್ಟ ವಿಚಾರ ಮಾಡು" ಎಂದರು.

ಶೈಲಾ ಬಾಲನ್ನು ಒಮ್ಮೆ ನೆಲಕ್ಕೆ ಕುಟ್ಟಿದಳು. ಉಸಿರು ಎಳೆದುಕೊಂಡಳು. ಆ ಅಗಲ ಭುಜ ಹಿಂದಕ್ಕೆ ಹೋಯಿತು. ಬಾಲು ನೆಟ್ಟಿನ ಮೇಲೆ ಸೊಂಯ್ಯನೆ ಹಾರಿ ಎದುರಿನ ಮೂಲೆಗೆ ನುಗ್ಗಿತು. ಅಲ್ಲಿದ್ದ ಹುಡುಗಿ ಎರಡೂ ಕೈ ಕೊಟ್ಟಳು. ಬಾಲು ಅವಳ ಕೈಯೊಳಗಿಂದ ಸಿಡಿದು ನೆಲಕ್ಕೆ ಬಿತ್ತು.

ಆಮೇಲಿನದು ನನಗೆ ಸರಿಯಾಗಿ ನೆನಪಿಲ್ಲ. ನಾನು ಓಡಿದೆ, ಜಗನ್ನಾಥ ಓಡಿದರು, ವೈನಿ ಓಡಿದರು. ಎಲ್ಲರೂ ಶೈಲಾಳ ಮೇಲೆ ಬಿದ್ದೆವು. ಅವಳ ಆ ಹಳೆಯ ನಗು ಮೈದಾನದ ಆಚೆ ರಸ್ತೆಗೂ ಕೇಳಿಸಿರಬೇಕು.

"ಆ ಮಾತು ಕೇಳಿಸ್ತಾ?" ಎಂದು ಆಮೇಲೆ ಮೆಲ್ಲಗೆ ಕೇಳಿದೆ.

"ಕೇಳಿಸಿತು ಅಕ್ಕಾ. ಕಾಲು ನಡುಗಿತು. ಈಗಲೂ ನಡುಗ್ತದೆ. ಆದರೆ ಕಾಲು ನಡುಗಿದರೂ ಕೈ ಎಸೀತದೆ ಅಂತ ಗೊತ್ತಾಯ್ತು."

ಬಹುಮಾನ ಕೊಡಲು ಒಬ್ಬ ಮುಖ್ಯ ಅತಿಥಿ ಬಂದಿದ್ದರು. ಮೈಕ್ ಹಿಡಿದು, ಮಹಿಳೆಯರು ಹೀಗೆ ಆಟ ಆಡಬೇಕು, ಆಡಿದರೆ ತೂಕ ಇಳಿಯುತ್ತದೆ, ಸ್ಲಿಮ್ ಆಗಿ ಮನೆಯವರಿಗೂ ಚೆನ್ನಾಗಿ ಕಾಣಬಹುದು ಎಂದು ಸುದೀರ್ಘವಾಗಿ ಉಪದೇಶಿಸಿದರು. ಕಪ್ಪನ್ನು ಶೈಲಾಳ ಕೈಗೆ ಕೊಟ್ಟು, "ಎರಡು ಮಾತಾಡಿ" ಎಂದು ಮೈಕ್ ಚಾಚಿದರು.

ಶೈಲಾ ಭಾಷಣ ಮಾಡಿದವಳಲ್ಲ. ಕಪ್ಪನ್ನು ಕಂಕುಳಲ್ಲಿ ಇಟ್ಟುಕೊಂಡು, ತನ್ನ ಉಡುಪಿ ರಾಗದ ಮರಾಠಿಯಲ್ಲಿ ಒಂದೇ ಮಾತು ಹೇಳಿದಳು. "ಸಾಹೇಬರೇ, ನಾನು ಆಡುವುದು ತೂಕ ಇಳಿಸಲಿಕ್ಕೆ ಅಲ್ಲ, ಗೆಲ್ಲಲಿಕ್ಕೆ."

ಮೈದಾನದಲ್ಲಿ ಸಿಳ್ಳೆ ಬಿತ್ತು. ಹೆಚ್ಚು ಜೋರಾಗಿ ಹೊಡೆದವರು ಸೋತ ಟೀಮಿನ ಹುಡುಗಿಯರು.

ಅವಳಿಗೆ ಪೂರ್ತಿ ಗುಣವಾಗಿದೆ ಎಂದು ನಾನು ಬರೆಯುವುದಿಲ್ಲ. ಡಾಕ್ಟರೂ ಹಾಗೆ ಹೇಳಿಲ್ಲ. ಕೆಲವು ದಿನ ಊಟದ ಮೇಜು ಅವಳಿಗೆ ಈಗಲೂ ಬೆಟ್ಟ. ಆದರೆ ಹತ್ತುತ್ತಾಳೆ, ಜೊತೆಗೆ ಒಬ್ಬರು ಕೂತಿರುತ್ತಾರೆ.

ನನ್ನನ್ನು ಕಾಡುತ್ತಿರುವುದು ಬೇರೆ. ಆ ನಾಮಕರಣದ ಹೆಂಗಸು, ಆ ಲಿಫ್ಟಿನ ಗೆಳತಿಯರು, ಆ ಮುಖ್ಯ ಅತಿಥಿ, ಯಾರೂ ಕೆಟ್ಟವರಲ್ಲ. ನಮ್ಮಲ್ಲಿ ಮಾತು ಶುರುವಾಗುವುದೇ ಹಾಗೆ. "ಏನು, ಇಳಿದುಹೋಗಿದ್ದೀರಿ?" "ಏನು, ಮೈ ಬಂದಿದೆ?" ನಮಸ್ಕಾರಕ್ಕೂ ಮೊದಲು ಕಣ್ಣು ಸೊಂಟದ ಅಳತೆ ತೆಗೆದಿರುತ್ತದೆ. ಎದುರಿಗಿದ್ದವರು ನಿನ್ನೆ ಊಟ ಮಾಡಿದ್ದಾರೋ, ಅತ್ತಿದ್ದಾರೋ, ಗೆದ್ದಿದ್ದಾರೋ, ಯಾರಿಗೆ ಬೇಕು?

ಈ ವಾರ ದಾರಿಯಲ್ಲಿ ಹಳೆಯ ಗೆಳತಿಯೊಬ್ಬಳು ಸಿಕ್ಕರೆ, ಅವಳ ಮೈ ಬಿಟ್ಟು ಬೇರೆ ಯಾವ ಮಾತಿನಿಂದ ಶುರು ಮಾಡುತ್ತೀರಿ, ಹೇಳಿ?